ಬೈಲ್ ಆಸಿಡ್ ಟೆಸ್ಟ್ ನಮ್ಮ ಸಣ್ಣ ಲ್ಯಾಬಿನಲ್ಲೂ ಆಗುತ್ತದೆ: ನನ್ನ ಅನುಭವ

ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ನನ್ನದು ಎರಡು ಕೋಣೆಯ ಲ್ಯಾಬ್. ಒಂದೊಂದೇ ಸ್ಯಾಂಪಲ್ ಕೈಯಲ್ಲಿ ಬೆರೆಸಿ ಓದಿಸುವ ಒಂದು ಸೆಮಿ ಆಟೋ ಅನಲೈಸರ್, ರಕ್ತಕಣ ಎಣಿಸುವ ಒಂದು ಸೆಲ್ ಕೌಂಟರ್, ಅಷ್ಟೇ. ಇದರಲ್ಲೇ ಬೈಲ್ ಆಸಿಡ್ ಟೆಸ್ಟ್ (ಲಿವರ್ ಮಾಡುವ ಪಿತ್ತದ ಆಮ್ಲ, ಬಸುರಿಯಲ್ಲಿ ಪಿತ್ತ ಸರಿಯಾಗಿ ಹರಿಯದಿದ್ದರೆ ರಕ್ತದಲ್ಲಿ ಏರುತ್ತದೆ) ಮಾಡ್ತೇನೆ ಅಂದಾಗ ಕಿಟ್ ಮಾರುವ ಹುಡುಗನೇ "ಬೇಡ ಅಣ್ಣಾ, ದುಡ್ಡು ಹಾಳು, ಅದು ದೊಡ್ಡ ಮೆಷಿನ್ನಿಗೆ" ಅಂದಿದ್ದ. ಈಗ ಬೇರೆ ಲ್ಯಾಬಿನವರು ಕೇಳಿದರೆ ಅವನೇ ನನ್ನ ನಂಬರ್ ಕೊಡುತ್ತಾನೆ.

ಹಟ ಹುಟ್ಟಿದ್ದು ಒಬ್ಬ ಎಂಟು ತಿಂಗಳ ಬಸುರಿಯಿಂದ. ಅಂಗೈ, ಅಂಗಾಲು ತುರಿಸಿ ತುರಿಸಿ ಗೀರು ಬಿದ್ದಿತ್ತು. ಗುಳ್ಳೆ ಒಂದೂ ಇಲ್ಲ, ರಾತ್ರಿ ನಿದ್ದೆಯೂ ಇಲ್ಲ. ಲಿವರ್ ಟೆಸ್ಟುಗಳಲ್ಲಿ ಎಸ್‌ಜಿಪಿಟಿ ಐವತ್ತರ ಹತ್ತಿರ, ಸ್ವಲ್ಪವೇ ಹೆಚ್ಚು, ಕಾಮಾಲೆ ತೋರಿಸುವ ಬಿಲಿರುಬಿನ್ ಸರಿ. ಆಲ್ಕಲೈನ್ ಫಾಸ್ಫಟೇಸ್ ಏರಿತ್ತು, ಆದರೆ ಆ ತಿಂಗಳಲ್ಲಿ ಅದು ಮಾಸಿನಿಂದಲೂ ಬರುತ್ತದೆ, ನೆಚ್ಚಿಕೊಳ್ಳುವ ಹಾಗಿಲ್ಲ. ಮನೆಯ ಹಿರಿಯರು "ಪಿತ್ತ, ಹೆತ್ತ ಮೇಲೆ ಹೋಗ್ತದೆ" ಅಂದರು. ಹೋಗುವುದು ನಿಜ. ಆದರೆ ಬೈಲ್ ಆಸಿಡ್ (ಲೀಟರಿಗೆ ಮೈಕ್ರೋಮೋಲ್ ಲೆಕ್ಕದಲ್ಲಿ) 100 ದಾಟಿದರೆ ಮಗು ಹೊಟ್ಟೆಯಲ್ಲೇ ತೀರಿಕೊಳ್ಳುವ ಅಪಾಯ ಹೆಚ್ಚು. ಸ್ಯಾಂಪಲ್ ಕುಂಬಳೆ ಬಸ್ಸು ಹತ್ತಿ ಮಂಗಳೂರಿಗೆ ಹೋಗಿ ರಿಪೋರ್ಟ್ ಬಂದದ್ದು ಮೂರನೇ ದಿನ. 46 ಇತ್ತು. ಆ ಮೂರು ದಿನ ನನಗೂ ನಿದ್ದೆ ಇರಲಿಲ್ಲ.

ಮೊದಲ ಕಿಟ್‌ಗೆ ಒಂಬತ್ತು ಸಾವಿರ ಚಿಲ್ಲರೆ ಕೊಟ್ಟೆ. ಇಪ್ಪತ್ತರ ಆಸುಪಾಸು ಬರಬೇಕಾದ ಕಂಟ್ರೋಲ್ (ಮೊದಲೇ ಅಳತೆ ಗೊತ್ತಿರುವ ಸ್ಯಾಂಪಲ್) ಒಮ್ಮೆ 31, ಮತ್ತೊಮ್ಮೆ 12! ಮೆಷಿನ್ನಿನ ಬೆಳಕಿನ 405 ಫಿಲ್ಟರ್ ಬದಲಿಸಿದೆ, ಸ್ಯಾಂಪಲ್ ಹರಿಯುವ ಫ್ಲೋಸೆಲ್ ತೊಳೆದೆ, ಏನೂ ಆಗಲಿಲ್ಲ. ಕಡೆಗೆ ಗೊತ್ತಾಯಿತು, ಬಿಸಿ ಮಾಡುವ ಬ್ಲಾಕ್ 37 ಡಿಗ್ರಿ ತೋರಿಸುತ್ತಿದ್ದರೂ ಫ್ರಿಜ್‌ನಿಂದ ತೆಗೆದ ರಿಯೇಜೆಂಟ್ (ಕಿಟ್‌ನ ದ್ರವ) ಒಳಗೆ ಇನ್ನೂ ತಣ್ಣಗೇ ಇತ್ತು. ಕೆಲವು ಟೆಸ್ಟುಗಳಲ್ಲಿ ಸ್ವಲ್ಪ ಹೆಚ್ಚುಕಮ್ಮಿ ನಡೆದೀತು. ಇದರಲ್ಲಿ ಎನ್‌ಜೈಮ್ ಅದೇ ಬೈಲ್ ಆಸಿಡ್ಡನ್ನು ಮತ್ತೆ ಮತ್ತೆ ಸುತ್ತಿಸುತ್ತದೆ, ನಾವು ಲೆಕ್ಕ ಹಿಡಿಯುವುದು ನಿಮಿಷಕ್ಕೆ ಎಷ್ಟು ಏರಿತು ಅಂತ, ಹಾಗಾಗಿ ಬಿಸಿ ಕಮ್ಮಿಯಾದರೆ ರಿಸಲ್ಟೇ ಕೆಡುತ್ತದೆ. ಮಳೆಗಾಲದ ಕರೆಂಟಿನ ಕಥೆ ಬೇರೆ, ಯುಪಿಎಸ್‌ಗೆ ಇನ್ನೊಂದು ಏಳು ಸಾವಿರ ಹೋಯಿತು. ತೆರೆದ ಕಿಟ್ ತಿಂಗಳೊಳಗೆ ಮುಗಿಯದೆ ಮುಕ್ಕಾಲು ಪಾಲು ಚೆಲ್ಲಿದೆ. ಈಗ ಒಂದು ಕಿಟ್‌ನಲ್ಲಿ ಜಾಸ್ತಿ ಟೆಸ್ಟ್ ತೆಗೆಯುವ ಅಳತೆ ನನಗೆ ಕೂತಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಕಷ್ಟಪಟ್ಟು ಕಲಿತದ್ದು.

ನಡುವೆ ನನ್ನದೇ ರಕ್ತ ತೆಗೆದು ನೋಡಿದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ 3, ತುಪ್ಪ ಹಾಕಿ ಕಡುಬು ತಿಂದು ಎರಡು ಗಂಟೆ ಕಳೆದ ಮೇಲೆ 9. ಬ್ರಿಟನ್ನಿನ 2022ರ ಮಾರ್ಗಸೂಚಿ ಉಂಡ ಹೊಟ್ಟೆಯ ಸ್ಯಾಂಪಲ್‌ಗೂ ಹೊಂದುವಂತೆ, ಈ ಕಾಯಿಲೆ ಅನ್ನಲು 19ರ ಗೆರೆ ಹಾಕಿದ್ದು ಯಾಕೆ ಅಂತ ಆವಾಗ ಅರ್ಥವಾಯಿತು. ಇನ್ನೊಂದು ದಿನ ಸಪೂರ ಸೂಜಿಯಲ್ಲಿ ಜೋರಾಗಿ ಎಳೆದು ರಕ್ತಕಣ ಒಡೆಸಿ ಎಲ್‌ಡಿಎಚ್ (ಕಣ ಒಡೆದರೆ ಹೊರಬರುವ ಎನ್‌ಜೈಮ್) ಮಾಡಿದೆ, ಇನ್ನೂರು ಚಿಲ್ಲರೆ ಇದ್ದದ್ದು ಐನೂರಕ್ಕೆ ಹಾರಿತು. ಬಿಪಿ ಏರಿದ ಬಸುರಿಯಲ್ಲಿ ಎಲ್‌ಡಿಎಚ್ 600 ದಾಟಿ ಪ್ಲೇಟ್‌ಲೆಟ್ ಲಕ್ಷಕ್ಕಿಂತ ಕೆಳಗಿಳಿದರೆ ಹೆಲ್ಪ್ ಸಿಂಡ್ರೋಮ್ (ರಕ್ತಕಣ ಒಡೆದು, ಲಿವರ್ ಕೆಟ್ಟು, ಪ್ಲೇಟ್‌ಲೆಟ್ ಇಳಿಯುವ ಅಪಾಯದ ಸ್ಥಿತಿ) ಇರಬಹುದು ಅಂತ ಡಾಕ್ಟ್ರು ಓಡುತ್ತಾರೆ. ಕಣ ಒಡೆದು ಕೆಂಪಾದ ಸೀರಮ್ ಇಟ್ಟುಕೊಂಡು ಅವರನ್ನು ಓಡಿಸಬಾರದು ಅಲ್ವಾ? ನಾನು ಮತ್ತೆ ರಕ್ತ ತೆಗೆಯುತ್ತೇನೆ, ಬೈದರೂ ಪರವಾಗಿಲ್ಲ.

ಇಪ್ಪತ್ತೆರಡೋ ಇಪ್ಪತ್ತಮೂರೋ ಸ್ಯಾಂಪಲ್‌ಗಳನ್ನು ಒಂದೊಂದನ್ನೂ ಎರಡು ಪಾಲು ಮಾಡಿ, ಒಂದು ಪಾಲು ನಾನು ಮಾಡಿ ಇನ್ನೊಂದನ್ನು ಮಂಗಳೂರಿಗೆ ಕಳಿಸಿದೆ, ಖರ್ಚು ನನ್ನದೇ. ಕೆಳಗಿನ ಮಟ್ಟದಲ್ಲಿ ಒಂದೆರಡರ ವ್ಯತ್ಯಾಸ, ಮೇಲೆ ನಾಲ್ಕೈದು. ಆ ಹಾಳೆ ನೋಡಿದ ಮೇಲೆ ಇಲ್ಲಿನ ಡಾಕ್ಟ್ರು ಚೀಟಿ ಬರೆಯತೊಡಗಿದರು. ಚೀಟಿಯಲ್ಲಿ ಎರಡು ವಿಷಯ ಬೇಕೇ ಬೇಕು ಅಂತ ಹೇಳಿದ್ದೇನೆ: ಕೊನೆಗೆ ಉಂಡದ್ದು ಎಷ್ಟು ಹೊತ್ತಿಗೆ, ಈ ತುರಿಕೆಗೆ ಕೊಡುವ ಅರ್ಸೋಡಿಯಾಕ್ಸಿಕೋಲಿಕ್ ಮಾತ್ರೆ ಶುರುವಾಗಿದೆಯಾ. ಆ ಮಾತ್ರೆಯೇ ಒಂದು ಬೈಲ್ ಆಸಿಡ್, ಟೆಸ್ಟ್ ಅದನ್ನೂ ಸೇರಿಸಿ ಎಣಿಸುತ್ತದೆ.

ಮೊದಲು ಬಸುರಿಗೆ ಸಾವಿರದ ಎಂಟುನೂರು ಬೀಳುತ್ತಿತ್ತು, ನಾನು ತೆಗೆದುಕೊಳ್ಳುವುದು ಒಂಬೈನೂರು. ಬೆಳಿಗ್ಗೆ ಹತ್ತಕ್ಕೆ ರಕ್ತ ಕೊಟ್ಟವರು ಮಧ್ಯಾಹ್ನದ ಬಸ್ಸಿಗೆ ಮೊದಲೇ ರಿಪೋರ್ಟ್ ಹಿಡಿದು ಹೋಗುತ್ತಾರೆ.