ಟೈಪ್ 1 ಶುಗರ್ ಇರೋ ಮಗು ಜೊತೆ ಹೇಗಿರ್ಬೇಕು

ಮಂಡ್ಯದ ಕಡೆ ಆಲೆಮನೆ ಮುಂದೆ ಹಾದ್ರೆ ಬಿಸಿಬೆಲ್ಲದ ಘಮ, ನನ್ನ ಮಗಳು ಆಗ ನನ್ನ ಕೈ ಗಟ್ಟಿ ಹಿಡ್ಕೋತಾಳೆ. ಅವಳಿಗೆ ಟೈಪ್ 1 ಶುಗರ್, ಅಂದ್ರೆ ಮೈಯಲ್ಲಿ ಇನ್ಸುಲಿನ್ ತಯಾರಾಗೋದೇ ನಿಂತ್ಹೋಗೋ ಕಾಯಿಲೆ. ಮೊದ್ಲು ಬೇಡ ಅಂತ ಗದರ್ತಿದ್ದೆ, ಕದ್ದು ತಿನ್ನೋಕೆ ಶುರು ಮಾಡಿದ್ಲು. ಈಗ ಎಷ್ಟು ತಿಂತೀಯ ಅಂತ ಕೇಳಿ, ಡಾಕ್ಟ್ರು ಹೇಳ್ಕೊಟ್ಟ ಲೆಕ್ಕದಲ್ಲಿ ಇನ್ಸುಲಿನ್ ಕೊಟ್ಟು, ಒಂದು ತುಂಡು ಜೊತೇಲೇ ತಿಂತೀವಿ.

ಇನ್ಸುಲಿನ್ ತಪ್ಪಿಸೋ ಹಾಗಿಲ್ಲ, ಅದ್ರಲ್ಲಿ ರಾಜಿ ಬೇಡ, ಆದ್ರೆ ಸೂಜಿ ಹೊಟ್ಟೆಗಾ ತೊಡೆಗಾ ಅನ್ನೋದನ್ನ ಮಗುನೇ ಹೇಳ್ಲಿ. ಶುಗರ್ ರೀಡಿಂಗ್ 250 (mg/dL) ಬಂದ್ರೆ ಪೊಲೀಸ್ ಥರ ವಿಚಾರಿಸ್ಬೇಡಿ, ಜ್ವರಕ್ಕೂ ಟೆನ್ಷನ್‌ಗೂ ಏರುತ್ತೆ. 70ಕ್ಕಿಂತ ಇಳಿದ್ರೆ, ಎಚ್ಚರ ಇದ್ರೆ, ಮಾತಾಡದೆ ತಕ್ಷಣ ಗ್ಲೂಕೋಸ್ ಕೊಡಿ, ದೊಡ್ಡ ಮಕ್ಕಳಿಗೆ 15 ಗ್ರಾಂ, ಚಿಕ್ಕೋರಿಗೆ ಕಮ್ಮಿ, 15 ನಿಮಿಷಕ್ಕೆ ಮತ್ತೆ ಚೆಕ್ ಮಾಡಿ.

ಎರಡು ವಾರ ಆದ್ರೂ ಮಗು ಮನಸ್ಸು ಮಂಕಾಗೇ ಇದ್ರೆ, ಆಟ ಬಿಟ್ರೆ, ಮುಂದಿನ ಚೆಕಪ್‌ವರೆಗೂ ಕಾಯ್ಬೇಡಿ, ಡಾಕ್ಟ್ರಿಗೆ ಹೇಳಿ.