ಮೊದಲು ಉದ್ಯಮ್, ಆಮೇಲೆ ಬ್ಯಾಂಕು: ಸಣ್ಣ ಘಟಕಕ್ಕೆ ಸರ್ಕಾರದ ನೆರವು ಪಡೆಯುವುದು ಹೇಗೆ?

ನಮ್ಮ ಕಲ್ಯಾಣ ಕರ್ನಾಟಕದ ಕಡೆ ವ್ಯಾಪಾರ ಕೆಡೋದಕ್ಕೆ ವ್ಯಾಪಾರಿಯ ತಪ್ಪೇ ಬೇಕಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಿದಾಗ ಲಾರಿಗಳ ಹಿಂದೆಯೇ ಗ್ಯಾರೇಜು, ಪಂಕ್ಚರ್ ಅಂಗಡಿ, ರಸ್ತೆ ಪಕ್ಕದ ಖಾನಾವಳಿಗಳೂ ಕೂತವು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಕೊಂಡು ಹೋದಾಗ ಗಂಗಾವತಿ, ಸಿಂಧನೂರಿನ ಬಟ್ಟೆ ಅಂಗಡಿಯವರಿಗೂ ನಿದ್ದೆ ಬರಲಿಲ್ಲ. ಭತ್ತ ಮನೆಗೆ ಬಂದರೆ ತಾನೇ ಗಿರಾಕಿ ಬರೋದು?

ಇಂಥ ಹೊತ್ತಿನಲ್ಲಿ ಸರ್ಕಾರದ ನೆರವು ಇದೆಯಾ? ಇದೆ. ಆದರೆ ಒಂದು ತಪ್ಪು ತಿಳಿವಳಿಕೆ ಮೊದಲೇ ಬಿಟ್ಟುಬಿಡಿ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ಜೆ ವಿಧಿ ಅಂದ ಕೂಡಲೇ ಅಂಗಡಿಗೂ ದುಡ್ಡು ಸಿಗುತ್ತದೆ ಅಂದುಕೊಳ್ಳುವವರಿದ್ದಾರೆ. ಅದು ಮುಖ್ಯವಾಗಿ ಓದು, ಸರ್ಕಾರಿ ನೌಕರಿ ಮತ್ತು ಈ ಭಾಗದ ಅಭಿವೃದ್ಧಿ ಮಂಡಳಿಗೆ ಸಂಬಂಧಿಸಿದ್ದು. ವ್ಯಾಪಾರದ ದಾರಿ ಬೇರೆ. ಅದು ಶುರುವಾಗೋದು ಉದ್ಯಮ್ ನೋಂದಣಿಯಿಂದ, ಅಂದರೆ ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರ ಆನ್‌ಲೈನ್‌ನಲ್ಲಿ ಮಾಡುವ ನೋಂದಣಿಯಿಂದ.

ಹಂತ 1: ಉದ್ಯಮ್ ನೋಂದಣಿ

ಆಧಾರ್, ಪ್ಯಾನ್, ಬ್ಯಾಂಕ್ ಖಾತೆಯ ವಿವರ ಇದ್ದರೆ ಅರ್ಧ ಗಂಟೆಯ ಕೆಲಸ. ಸರ್ಕಾರ ಇದಕ್ಕೆ ಒಂದು ರೂಪಾಯಿಯನ್ನೂ ತೆಗೆದುಕೊಳ್ಳುವುದಿಲ್ಲ. ‘ಪ್ರಮಾಣಪತ್ರದ ಶುಲ್ಕ’ ಕೇಳುವ ವೆಬ್‌ಸೈಟ್ ಕಂಡರೆ ಅದು ಸರ್ಕಾರದ್ದಲ್ಲ.

ಎಡವುವ ಜಾಗ ಒಂದೇ: ‘ನಿಮ್ಮ ಚಟುವಟಿಕೆ ಯಾವುದು’ ಅನ್ನುವ ಕಡೆ. ನಮ್ಮ ಅತ್ತಿಗೆ ಬಳ್ಳಾರಿಯಲ್ಲಿ ಆರು ಮಷಿನ್ ಇಟ್ಟುಕೊಂಡು ಜೀನ್ಸ್ ಹೊಲಿಯುತ್ತಾರೆ. ಕಟಿಂಗ್ ಆದ ಬಟ್ಟೆ ವ್ಯಾಪಾರಿಯಿಂದ ಬರುತ್ತದೆ, ಹೊಲಿದು ಕೊಟ್ಟರೆ ಪೀಸಿಗಿಷ್ಟು ಅಂತ ಮಜೂರಿ. ಸೈಬರ್ ಸೆಂಟರಿನ ಹುಡುಗ ಸುಮ್ನೆ ‘ಟ್ರೇಡಿಂಗ್’ ಅಂತ ಒತ್ತಿಬಿಟ್ಟಿದ್ದ. ಕೊಂಡು ಮಾರುವವರಿಗೆ ಈ ನೋಂದಣಿಯಿಂದ ಸಿಗೋದು ಆದ್ಯತಾ ವಲಯದ (ಬ್ಯಾಂಕುಗಳು ಕಡ್ಡಾಯವಾಗಿ ಇಂತಿಷ್ಟು ಕೊಡಲೇಬೇಕಾದ) ಸಾಲದ ಅನುಕೂಲ ಮಾತ್ರ. ಹಂತ 6ರಲ್ಲಿ ಬರುವ ಬಾಕಿ ವಸೂಲಿಯ ಕಾನೂನು ಅವರಿಗೆ ಅನ್ವಯಿಸುವುದಿಲ್ಲ. ಹೊಲಿಯುವವರು ‘ತಯಾರಿಕೆ’ ಅಂತಲೇ ಹಾಕಿಸಬೇಕು. ಈಗಾಗಲೇ ತಪ್ಪಾಗಿದ್ದರೆ ಅದೇ ಪೋರ್ಟಲ್‌ನಲ್ಲಿ ತಿದ್ದಬಹುದು.

ಹಂತ 2: ನಿಮಗೆ ಹೊಂದುವ ಯೋಜನೆ ಯಾವುದು?

ಹೊಸ ಘಟಕ ಹಾಕುವವರಿಗೆ ಪಿಎಂಇಜಿಪಿ, ಅಂದರೆ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ. ತಯಾರಿಕೆಯಾದರೆ ಯೋಜನಾ ವೆಚ್ಚ 50 ಲಕ್ಷದವರೆಗೆ, ಸೇವೆಯಾದರೆ 20 ಲಕ್ಷದವರೆಗೆ. ಹಳ್ಳಿಯಲ್ಲಿ ಹಾಕಿದರೆ ಸಾಮಾನ್ಯ ವರ್ಗಕ್ಕೆ ಶೇ 25 ಸಬ್ಸಿಡಿ. ಮಹಿಳೆಯರು, ಪರಿಶಿಷ್ಟರು, ಹಿಂದುಳಿದ ವರ್ಗದವರು, ಅಲ್ಪಸಂಖ್ಯಾತರಿಗೆ ಶೇ 35. ಪಟ್ಟಣದಲ್ಲಾದರೆ ಶೇ 15 ಮತ್ತು 25. ಈಗಾಗಲೇ ನಡೆಯುತ್ತಿರುವ ಘಟಕವನ್ನು ಹೊಸದು ಅಂತ ತೋರಿಸಲು ಹೋಗಬೇಡಿ. ಅಧಿಕಾರಿಗಳು ಜಾಗಕ್ಕೆ ಬಂದು ನೋಡುತ್ತಾರೆ.

ತಿನ್ನುವ ಪದಾರ್ಥ ಮಾಡುವವರಾದರೆ ಪಿಎಂಎಫ್‌ಎಂಇ (ಕಿರು ಆಹಾರ ಸಂಸ್ಕರಣಾ ಘಟಕಗಳಿಗೆ ಇರುವ ಕೇಂದ್ರದ ಯೋಜನೆ) ನೋಡಿ. ನನ್ನ ಲೆಕ್ಕದಲ್ಲಿ ನಮ್ಮ ಜಿಲ್ಲೆಗಳಿಗೆ ಹೆಚ್ಚು ಹೊಂದುವುದು ಇದೇ. ಹಳೇ ಘಟಕಕ್ಕೂ ಸಿಗುತ್ತದೆ. ಕೇಂದ್ರದ ಶೇ 35ರ ಮೇಲೆ ರಾಜ್ಯ ಶೇ 15 ಸೇರಿಸುತ್ತದೆ, ಒಟ್ಟು ಗರಿಷ್ಠ 15 ಲಕ್ಷ. ‘ಒಂದು ಜಿಲ್ಲೆ ಒಂದು ಉತ್ಪನ್ನ’ ಪಟ್ಟಿಯಲ್ಲಿ ರಾಯಚೂರಿಗೆ ಮೆಣಸಿನಕಾಯಿ, ಕೊಪ್ಪಳಕ್ಕೆ ಪೇರಲ, ಬಳ್ಳಾರಿಗೆ ಅಂಜೂರ. ಹಾಗಂತ ರೊಟ್ಟಿ, ಶೇಂಗಾ ಚಟ್ನಿ ಮಾಡುವವರು ಹಿಂಜರಿಯಬೇಕಿಲ್ಲ, ಅವರೂ ಅರ್ಜಿ ಹಾಕಬಹುದು. ಅರ್ಜಿ ತುಂಬಿಸಲು ಜಿಲ್ಲಾ ಸಂಪನ್ಮೂಲ ವ್ಯಕ್ತಿ ಅಂತ ಇರುತ್ತಾರೆ. ಅವರಿಗೆ ದುಡ್ಡು ಯೋಜನೆಯಿಂದಲೇ ಹೋಗುತ್ತದೆ, ನೀವು ಕೊಡಬೇಕಿಲ್ಲ. ಕೃಷಿ ಇಲಾಖೆಯಲ್ಲಿ ಕೇಳಿದರೆ ಅವರ ನಂಬರ್ ಸಿಗುತ್ತದೆ.

ದರ್ಜಿ, ಬಡಿಗ, ಕಮ್ಮಾರ, ಕಿನ್ನಾಳದ ಗೊಂಬೆ ಮಾಡುವವರಿಗೆ ಪಿಎಂ ವಿಶ್ವಕರ್ಮ: ಸಲಕರಣೆಗೆ 15,000 ರೂಪಾಯಿ, ಆಮೇಲೆ ಶೇ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ನಂತರ 2 ಲಕ್ಷ ಸಾಲ. ಒಂದು ಮನೆಯಲ್ಲಿ ಒಬ್ಬರಿಗೆ ಮಾತ್ರ. ಮುದ್ರಾ ಸಾಲ ಎಲ್ಲರಿಗೂ ಗೊತ್ತು, ಆದರೆ ಅದರಲ್ಲಿ ಸಬ್ಸಿಡಿ ಇಲ್ಲ. ಅಡಮಾನ ಕೇಳೋದಿಲ್ಲ, ಅಷ್ಟೇ.

ಅರ್ಜಿ ಹಾಕುವ ಮುನ್ನ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗಿ, ಯೋಜನೆ ಚಾಲ್ತಿಯಲ್ಲಿದೆಯಾ, ಈ ವರ್ಷ ಇಷ್ಟು ಜನಕ್ಕೆ ಕೊಡಬೇಕು ಅನ್ನುವ ಗುರಿಯಲ್ಲಿ ಜಾಗ ಉಳಿದಿದೆಯಾ ಅಂತ ಕೇಳಿ. ಮಾರ್ಚ್‌ನಲ್ಲಿ ಓಡುವುದಕ್ಕಿಂತ ಏಪ್ರಿಲ್‌ನಲ್ಲಿ ನಡೆದು ಹೋಗೋದು ವಾಸಿ.

ಹಂತ 3: ಅರ್ಜಿಗಿಂತ ಮುಂಚೆ ಬ್ಯಾಂಕು

ಜಾಸ್ತಿ ಜನ ಇದನ್ನು ತಲೆಕೆಳಗು ಮಾಡುತ್ತಾರೆ. ಆನ್‌ಲೈನ್ ಅರ್ಜಿ ಹಾಕಿ, ಮೆಸೇಜ್ ಬರುತ್ತದೆ ಅಂತ ಕಾಯುತ್ತಾರೆ. ಅಷ್ಟರಲ್ಲಿ ಫೈಲು ಬ್ಯಾಂಕಿನಲ್ಲಿ ಸತ್ತಿರುತ್ತದೆ. ನಿಮ್ಮ ಖಾತೆ ಇರುವ ಶಾಖೆಯ ಮ್ಯಾನೇಜರ್ ಜೊತೆ ಮೊದಲೇ ಮಾತಾಡಿ, ಅರ್ಜಿಯಲ್ಲಿ ಅದೇ ಶಾಖೆಯ ಹೆಸರು ಕೊಡಿ. ಅದಕ್ಕೂ ಮುಂಚೆ ಸಿಬಿಲ್, ಅಂದರೆ ನಿಮ್ಮ ಸಾಲದ ಚರಿತ್ರೆಯ ವರದಿ ನೋಡಿಕೊಳ್ಳಿ. ಯಾರಿಗೋ ಜಾಮೀನು ನಿಂತ ಸಾಲ ಅಲ್ಲಿ ಹಲ್ಲು ಕಿರಿಯುತ್ತಿರುತ್ತದೆ.

ಅತ್ತಿಗೆಯ ಮುದ್ರಾ ಫೈಲು ಎರಡು ತಿಂಗಳು ಕೂತಿದ್ದು ಯಾಕೆ ಗೊತ್ತಾ? ಓವರ್‌ಲಾಕ್ ಮಷಿನ್‌ನ ಕೊಟೇಶನ್‌ನಲ್ಲಿ ಜಿಎಸ್‌ಟಿ ಸೇರಿತ್ತು, ಪ್ರಾಜೆಕ್ಟ್ ರಿಪೋರ್ಟ್‌ನಲ್ಲಿ ಸೇರಿರಲಿಲ್ಲ. ಎರಡರ ಮೊತ್ತ ತಾಳೆಯಾಗಲಿಲ್ಲ. ಯಾರೂ ಫೋನ್ ಮಾಡಿ ಹೇಳಲಿಲ್ಲ. ಮೂರನೇ ಸಲ ಹೋದಾಗ ಗುಮಾಸ್ತರೊಬ್ಬರು ಪೆನ್ಸಿಲ್‌ನಲ್ಲಿ ಸುತ್ತು ಹಾಕಿ ತೋರಿಸಿದರು.

ಇನ್ನೊಂದು ಮಾತು. ನಿಮ್ಮ ವ್ಯಾಪಾರ ಕಾಲುವೆ ನೀರನ್ನೋ ಹಬ್ಬದ ಸೀಸನ್ನನ್ನೋ ನೆಚ್ಚಿದ್ದರೆ, ಖಾಲಿ ತಿಂಗಳು ಯಾವುವು ಅಂತ ರಿಪೋರ್ಟ್‌ನಲ್ಲೇ ಬರೆಸಿ, ಕಂತು ಶುರುವಾಗುವ ಮುನ್ನ ಬಿಡುವು ಕೇಳಿ. ಸಾಲ ಮಂಜೂರಾಗುವ ತನಕ ಮಷಿನ್ ಕೊಳ್ಳಬೇಡಿ.

ಹಂತ 4: ಸಬ್ಸಿಡಿ ಎಲ್ಲಿಗೆ ಬರುತ್ತದೆ?

ನಿಮ್ಮ ಕೈಗಂತೂ ಬರೋದಿಲ್ಲ. ಹಳ್ಳಿಯ ಮಹಿಳೆಯೊಬ್ಬರು ಪಿಎಂಇಜಿಪಿಯಲ್ಲಿ 10 ಲಕ್ಷದ ಘಟಕ ಹಾಕಿದರು ಅನ್ನಿ. ಅವರ ಪಾಲು ಶೇ 5, ಅಂದರೆ 50,000. ಉಳಿದ 9.5 ಲಕ್ಷ ಬ್ಯಾಂಕ್ ಕೊಡುತ್ತದೆ. ಸಬ್ಸಿಡಿಯ 3.5 ಲಕ್ಷ ಅದೇ ಬ್ಯಾಂಕಿನಲ್ಲಿ ಮೂರು ವರ್ಷ ಠೇವಣಿಯಾಗಿ ಕೂರುತ್ತದೆ, ಅಷ್ಟು ಮೊತ್ತದ ಸಾಲಕ್ಕೆ ಬಡ್ಡಿ ಇಲ್ಲ. ಘಟಕ ನಡೆಯುತ್ತಿದೆ ಅಂತ ಪರಿಶೀಲಿಸಿದ ಮೇಲೆ ಸಾಲಕ್ಕೆ ಜಮಾ. ಮಧ್ಯದಲ್ಲಿ ಬಾಗಿಲು ಹಾಕಿದರೆ ಸಬ್ಸಿಡಿಯೂ ಹೋಯಿತು.

ಹಂತ 5: ಕಂತು ತಪ್ಪುವ ಹಾಗಿದ್ದರೆ

90 ದಿನ ಬಾಕಿ ಉಳಿದರೆ ಸಾಲ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ ಆಗುತ್ತದೆ. ಅಲ್ಲಿಯವರೆಗೆ ಮುಖ ಮರೆಸಿಕೊಂಡು ಓಡಾಡಬೇಡಿ. ಸಂಕಷ್ಟದಲ್ಲಿರುವ ಸಣ್ಣ ಉದ್ದಿಮೆಗಳ ಪುನಶ್ಚೇತನಕ್ಕೆ ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ನೀವಾಗಿಯೇ ಬ್ಯಾಂಕಿಗೆ ಅರ್ಜಿ ಕೊಟ್ಟು ಕಂತು ಮರುಹೊಂದಿಸಲು ಕೇಳಬಹುದು. ಬರವಣಿಗೆಯಲ್ಲಿ ಕೊಡಿ, ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ.

ಹಂತ 6: ನಿಮಗೆ ಬರಬೇಕಾದ ದುಡ್ಡು

ಹೊಸ ಸಾಲಕ್ಕಿಂತ ಹಳೇ ಬಾಕಿ ವಸೂಲಾದರೆ ಎಷ್ಟೋ ಘಟಕ ಉಸಿರಾಡುತ್ತವೆ, ಅಲ್ವಾ? 2006ರ ಎಂಎಸ್‌ಎಂಇ (ಸಣ್ಣ ಉದ್ದಿಮೆಗಳ) ಕಾಯ್ದೆ ಪ್ರಕಾರ ನಿಮ್ಮಿಂದ ಮಾಲು ಇಲ್ಲವೇ ಕೆಲಸ ಪಡೆದವರು ಲಿಖಿತ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದಲ್ಲಿ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಚಕ್ರಬಡ್ಡಿ. ದೂರನ್ನು ಆನ್‌ಲೈನ್‌ನಲ್ಲೇ ಕೊಡಬಹುದು. ಇಂಥ ದೂರು ವಿಚಾರಿಸಲು ಇದೇ ಕಾಯ್ದೆಯಡಿ ಇರುವ ಕೌನ್ಸಿಲ್ ನಿಮ್ಮ ಪರ ಆದೇಶ ಕೊಟ್ಟ ಮೇಲೆ ಎದುರಿನವರು ಅದನ್ನು ಪ್ರಶ್ನಿಸಬೇಕಾದರೆ ಶೇ 75ರಷ್ಟು ಹಣ ಮೊದಲು ಕಟ್ಟಬೇಕು. ಉದ್ಯಮ್ ನೋಂದಣಿಗೂ ಮುಂಚಿನ ಬಾಕಿಗೆ ಈ ದಾರಿ ಹಿಡಿಯೋದು ಕಷ್ಟ.

ಇದಕ್ಕೆಲ್ಲ ಚೀಟಿ ಬೇಕು. ಎಷ್ಟು ಪೀಸು, ಯಾವ ದಿನ, ಯಾರ ಸಹಿ. ಅತ್ತಿಗೆ ಈಗ ಪ್ರತಿ ಲಾಟಿಗೂ ಚಲನ್ ಬರೆಯುತ್ತಾರೆ. ಮೊದಲ ಸಲ ಸಹಿ ಕೇಳಿದಾಗ ವ್ಯಾಪಾರಿ, ‘ಏನಕ್ಕಾ, ನಂಬಿಕೆ ಇಲ್ಲೇನು?’ ಅಂದರಂತೆ. ‘ನಂಬಿಕೆ ಐತಣ್ಣಾ, ಬ್ಯಾಂಕಿನವ್ರು ಕೇಳ್ತಾರ’ ಅಂತ ಪೆನ್ನು ಮುಂದಿಟ್ಟರು.