ಶೇಂಗಾ ಹೊಲದಲ್ಲಿಯೂ ಬರಗಾಲದಲ್ಲಿಯೂ ದೇವರ ಪೋಷಣೆಯನ್ನು ಕಾಣುವ ಬಗೆ

ದೇವರು ಲೋಕವನ್ನು ಉಂಟುಮಾಡಿದನೆಂದು ನಂಬುವ ನಾವು, ಆತನು ಈ ಗಳಿಗೆಯಲ್ಲಿಯೂ ಅದನ್ನು ಹಿಡಿದು ನಡೆಸುತ್ತಿದ್ದಾನೆಂಬುದನ್ನು ಅಷ್ಟಾಗಿ ನೆನೆಯುವುದಿಲ್ಲ. ಸಮಸ್ತವೂ ಕ್ರಿಸ್ತನಲ್ಲಿ ನೆಲೆಗೊಂಡಿದೆಯೆಂದು ಅಪೊಸ್ತಲನಾದ ಪೌಲನು ಕೊಲೊಸ್ಸೆಯ ಕ್ರೈಸ್ತ ಸಭೆಗೆ ಬರೆದ ಪತ್ರದಲ್ಲಿ ಹೇಳಿದ್ದು (1:17) ಈ ಸತ್ಯವನ್ನೇ. ಪ್ರಕೃತಿಯೇ ದೇವರೆಂದು ಇದರ ಅರ್ಥವಲ್ಲ. ಆತನು ಕೈಬಿಟ್ಟರೆ ಪ್ರಕೃತಿ ಒಂದು ಕ್ಷಣವೂ ಉಳಿಯದು ಎಂದರ್ಥ. ಇದನ್ನು ಕಣ್ಣಾರೆ ಕಂಡು ಅರಿಯಲು ಮಲೆನಾಡಿಗೆ ಹೋಗಬೇಕಾಗಿಲ್ಲ, ಚಿತ್ರದುರ್ಗದ ಬಯಲೇ ಸಾಕು.

ಹೊರಡುವ ಮುನ್ನ ಬೈಬಲಿನ 104ನೆಯ ಕೀರ್ತನೆಯನ್ನು ನಿಧಾನವಾಗಿ ಓದಿರಿ. ಅಲ್ಲಿ ಪ್ರಾಯದ ಸಿಂಹಗಳು ಬೇಟೆಗಾಗಿ ಗರ್ಜಿಸುತ್ತವೆ, ಅದೇ ಹೊತ್ತಿಗೆ ತಮ್ಮ ಆಹಾರವನ್ನು ದೇವರಿಂದ ಬೇಡುತ್ತವೆ. ಬೇಟೆಯಾಡುವ ಸಿಂಹದ ಶ್ರಮವನ್ನೂ ಉಣಿಸುವ ದೇವರ ಕೈಯನ್ನೂ ಕೀರ್ತನೆಗಾರನು ಒಂದೇ ಮಾತಿನಲ್ಲಿ ಹೇಳುತ್ತಾನೆ. ಈ ದೃಷ್ಟಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೊರಡಿರಿ.

ಹೋಗುವುದಾದರೆ ಮುಂಗಾರಿನಲ್ಲಿ ಬಿತ್ತನೆಯಾಗಿ ಒಂದೂವರೆ ತಿಂಗಳಾದ ಮೇಲೆ, ಹೊಲದವರ ಅನುಮತಿ ಪಡೆದು, ಚಳ್ಳಕೆರೆ ಕಡೆಯ ಒಂದು ಶೇಂಗಾ ಹೊಲಕ್ಕೆ ಬೆಳಗಿನಲ್ಲಿಯೇ ಹೋಗಿರಿ. ಗಿಡದ ಬುಡದಲ್ಲಿ ಕುಕ್ಕರುಗಾಲಲ್ಲಿ ಕುಳಿತು ನೋಡಿದರೆ, ಹಳದಿ ಹೂ ಬಾಡಿದ ಜಾಗದಿಂದ ಸೂಜಿಯಂಥ ಸಣ್ಣ ದಂಟೊಂದು ಹೊರಟು, ಬೆಳಕಿನ ಕಡೆಗೆ ಏಳದೆ ನೆಲದತ್ತ ಬಾಗಿ, ಮಣ್ಣನ್ನು ಹೊಕ್ಕು, ಕತ್ತಲಲ್ಲಿ ಕಾಯಾಗುವುದಕ್ಕೆ ಸಿದ್ಧವಾಗುತ್ತಿರುವುದು ಕಾಣುತ್ತದೆ. ಹೊಲದವರು ಒಪ್ಪಿದರೆ ಒಂದು ಗಿಡವನ್ನು ಬೇರುಸಹಿತ ಎತ್ತಿ, ಬೇರಿನ ಮೇಲಿನ ಪುಟ್ಟ ಗಂಟೊಂದನ್ನು ಉಗುರಿನಿಂದ ಸೀಳಿ ನೋಡಿರಿ. ಒಳಗೆ ಕೆಂಪು ಛಾಯೆಯಿದ್ದರೆ, ಅಲ್ಲಿರುವ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಒದಗಿಸುತ್ತಿವೆ. ಯಾರ ಕಣ್ಣಿಗೂ ಬೀಳದೆ ನಡೆಯುವ ಈ ಕೆಲಸವನ್ನು ನೋಡುತ್ತಾ ಅಲ್ಲಿಯೇ ಸ್ತೋತ್ರ ಸಲ್ಲಿಸಿರಿ. ಅವಸರ ಬೇಡ.

ಬ್ಯಾಕ್ಟೀರಿಯಾ ಮಾಡಿದ ಮೇಲೆ ದೇವರು ಮಾಡಿದ್ದೇನು ಎಂದು ಮಕ್ಕಳು ಕೇಳಿಯಾರು. ವಿಜ್ಞಾನ ವಿವರಿಸಲಾರದ ಸಂದುಗಳಲ್ಲಿ ಮಾತ್ರ ದೇವರನ್ನು ಹುಡುಕುವುದು ಬೈಬಲಿನ ರೀತಿಯಲ್ಲ. ಕಾರಣಗಳೂ ಆತನವೇ, ಅವುಗಳ ಮೂಲಕವೇ ಆತನು ಪೋಷಿಸುತ್ತಾನೆಂದು ತಿಳಿಸಿ, ಪಾಠಪುಸ್ತಕವನ್ನು ಚೆನ್ನಾಗಿ ಓದುವಂತೆ ಹೇಳಿರಿ.

ನಿಜವಾದ ಕಷ್ಟ ಇರುವುದು ಮಳೆ ಕೈಕೊಟ್ಟ ವರ್ಷದಲ್ಲಿ. ಕ್ರೈಸ್ತ ನಂಬಿಕೆಯನ್ನು ಪ್ರಶ್ನೆ-ಉತ್ತರಗಳಲ್ಲಿ ಕಲಿಸುವ 1563ರ ಹೈಡೆಲ್‌ಬರ್ಗ್ ಪ್ರಶ್ನೋತ್ತರವು ತನ್ನ 27ನೆಯ ಉತ್ತರದಲ್ಲಿ, ಮಳೆ ಮಾತ್ರವಲ್ಲ, ಬರವೂ ತಂದೆಯಾದ ದೇವರ ಕೈಯಿಂದಲೇ ಬರುತ್ತದೆಂದು ಹೇಳುತ್ತದೆ. ಇದನ್ನು ನಾನು ನಂಬುತ್ತೇನೆ. ಆದರೆ ಬಿತ್ತಿದ ಬೀಜ ಒಣಗಿದ ನೆರೆಯವರ ಮುಂದೆ ಇದನ್ನು ಉಪದೇಶವಾಗಿ ಎತ್ತಬಾರದೆಂದೂ ಅಷ್ಟೇ ಗಟ್ಟಿಯಾಗಿ ನಂಬುತ್ತೇನೆ. ವೇದಾವತಿಗೆ ಅಡ್ಡಲಾಗಿ ಹಿರಿಯೂರಿನ ಬಳಿ ಕಟ್ಟಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಆ ಎರಡು ವರ್ಷಗಳ ನಡುವೆ ಹುಟ್ಟಿ, ದುಡಿದು, ಕೋಡಿಯನ್ನು ನೋಡದೆಯೇ ತೀರಿಕೊಂಡವರಿದ್ದಾರೆ. ಅವರನ್ನೂ ದೇವರು ಪೋಷಿಸಿದನೆಂದು ನಾವು ಹೇಳುವುದಾದರೆ, ತುಂಬಿದ ಕೆರೆಯನ್ನಷ್ಟೇ ಸಾಕ್ಷಿಯಾಗಿ ತೋರಿಸಿದರೆ ಸಾಲದು. ಆದ್ದರಿಂದ ಬೇಸಿಗೆಯಲ್ಲಿಯೂ ಅದೇ ಹೊಲಕ್ಕೆ ಹೋಗಿರಿ, ಬಿರುಕು ಬಿಟ್ಟ ನೆಲದ ಮುಂದೆ 13ನೆಯ ಕೀರ್ತನೆಯನ್ನು ಅದರ ದೂರಿನ ಸಮೇತ ಓದಿರಿ, ಅಲ್ಲಿ ಸ್ತೋತ್ರ ಬಾಯಿಗೆ ಬಾರದಿದ್ದರೆ ಬಲವಂತ ಮಾಡಬೇಡಿರಿ. ಹಿಂದಿರುಗುವಾಗ ಆ ಹೊಲದವರ ಮನೆಗೆ ಹೋಗಿ, ಮುಂದಿನ ಬಿತ್ತನೆಗೆ ಬೀಜ ಇದೆಯೇ ಎಂದು ಕೇಳಿರಿ. ಇಲ್ಲವೆಂದರೆ ಸಭೆಯವರೊಡನೆ ಕೂಡಿ ಒದಗಿಸಿರಿ, ಏಕೆಂದರೆ ದೇವರು ಉಣಿಸುವುದಕ್ಕೆ ಬಳಸುವ ಕಾರಣಗಳಲ್ಲಿ ನಾವೂ ಸೇರಿದ್ದೇವೆ.